ರೇಡಿಯೋ ಒಲ್ಲದ ಹಾಡು, ಲೆಕ್ಕಕ್ಕೆ ಸಿಗದ ಕೇಳುಗ

(ಉಪನ್ಯಾಸವೊಂದರ ಬರಹ ರೂಪ)



ಮೇಖ್ರಿ ವೃತ್ತದಿಂದ ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಹೆಬ್ಬಾಳ, ಅಲ್ಲಿಂದ ಮುಂದೆ ಯಲಹಂಕ. ಬಲಕ್ಕೆ ಹೊರಳಿದರೆ ಆರ್.ಟಿ. ನಗರ, ಎಡಕ್ಕೆ ಹೋದರೆ ಯಶವಂತಪುರ. ಈ ನಾಲ್ಕು ದಾರಿಗಳೂ ಕೂಡುವ ಕಡೆಯಲ್ಲೇ ಇರುವುದು ಅರಮನೆ ಮೈದಾನ. ಬೆಂಗಳೂರಿಗರಿಗೆ ಅದು ಮದುವೆ ಆರತಕ್ಷತೆಗಳ, ವಸ್ತುಪ್ರದರ್ಶನಗಳ, ರಾಜಕೀಯ ಪಕ್ಷಗಳ ಸಮಾವೇಶಗಳ ಜಾಗ. 2007ರ ಮಾರ್ಚ್ 17ರ ಶನಿವಾರ ಅಲ್ಲಿ ಬೇರೆಯದೇ ಆದ ಒಂದು ಜಾತ್ರೆ ನೆರೆಯಿತು. ಹತ್ತಾರು ಸಾವಿರ ಯುವಕರು, ಬಹುಮಂದಿ ಕಪ್ಪು ಅಂಗಿ ತೊಟ್ಟವರು, ಬಿಸಿಲು ಇಳಿಯುವ ಮುಂಚೆಯೇ ಮೈದಾನ ಸೇರಿದ್ದರು. ಅವರು ಕಾದಿದ್ದುದು ಐರನ್ ಮೇಡನ್ ಎಂಬ ಇಂಗ್ಲೆಂಡಿನ ವಾದ್ಯವೃಂದಕ್ಕಾಗಿ. ಆ ಮಟ್ಟದ ಹೆವಿ ಮೆಟಲ್ ತಂಡವೊಂದು ತನ್ನ ಪೂರ್ಣ ಸಂಗೀತ ಪ್ರವಾಸದ ಭಾಗವಾಗಿ ಭಾರತಕ್ಕೆ ಬಂದುದು ಅದೇ ಮೊದಲು. ಬಂದುದು ಮುಂಬಯಿಗಲ್ಲ, ದೆಹಲಿಗಲ್ಲ, ಬೆಂಗಳೂರಿಗೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆ ಹುಡುಗರಿಗೆ ಈ ಹಾಡುಗಳೆಲ್ಲ ಬಾಯಿಪಾಠವಾಗಿದ್ದವು. ಅವನ್ನು ಅವರು ಎಲ್ಲಿ ಕೇಳಿದರು? ಬೆಂಗಳೂರಿಗೆ ಖಾಸಗಿ ಎಫ್.ಎಂ. ಬಂದುದೇ 2001ರ ಜುಲೈಯಲ್ಲಿ. ಈ ಬಗೆಯ ಸಂಗೀತಕ್ಕೆ ಇಲ್ಲಿ ಯಾವ ಜನಪ್ರಿಯತೆಯ ಪಟ್ಟಿಯೂ ಇರಲಿಲ್ಲ. ಇಷ್ಟು ದೊಡ್ಡ ಕೇಳುಗವರ್ಗ ಇಪ್ಪತ್ತು ವರ್ಷ ಯಾರ ಲೆಕ್ಕಕ್ಕೂ ಸಿಗದೆ ಹೇಗೆ ಬೆಳೆಯಿತು? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮೊದಲು ಲೆಕ್ಕ ಎಂದರೇನು, ಒಂದು ಹಾಡು 'ನಂಬರ್ ಒನ್' ಆಯಿತು ಎಂದರೆ ನಿಜಕ್ಕೂ ಏನಾಯಿತು ಎಂಬುದನ್ನು ತಿಳಿಯಬೇಕು. ಅದಕ್ಕೆ ಇದೇ ತಂಡದ ಒಂದು ಹಾಡಿನ ಕಥೆ ಬಹಳ ಅನುಕೂಲವಾಗಿದೆ.

ಕೆಟ್ಟ ಹಾಡೆಂಬ ಬಿರುದು

ಐರನ್ ಮೇಡನ್ ಹುಟ್ಟಿದ್ದು 1975ರ ಕ್ರಿಸ್‌ಮಸ್ ದಿನ, ಪೂರ್ವ ಲಂಡನ್ನಿನಲ್ಲಿ. ಕಟ್ಟಿದವರು ಸ್ಟೀವ್ ಹ್ಯಾರಿಸ್, ಬಾಸ್ ಗಿಟಾರ್ ವಾದಕ. ಹೆಸರು ಹಳೆಯ ಕಾಲದ್ದೆಂದು ಹೇಳಲಾಗುವ ಚಿತ್ರಹಿಂಸೆಯ ಸಾಧನವೊಂದರದು. ಒಳಗೆ ಮೊಳೆಗಳಿರುವ ಕಬ್ಬಿಣದ ಪೆಟ್ಟಿಗೆ. 1981ರಲ್ಲಿ ಬ್ರೂಸ್ ಡಿಕಿನ್ಸನ್ ಎಂಬ ಗಾಯಕ ಬಂದು ಸೇರಿದ ಮೇಲೆ ತಂಡದ ಅದೃಷ್ಟ ತೆರೆಯಿತು. ಮರುವರ್ಷ ಹೊರಬಂದ 'ದ ನಂಬರ್ ಆಫ್ ದ ಬೀಸ್ಟ್' ಎಂಬ ಆಲ್ಬಂ ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಡಿಕಿನ್ಸನ್ ಬರಿಯ ಗಾಯಕರಲ್ಲ. ಕತ್ತಿವರಸೆ ಬಲ್ಲವರು, ಮುಂದೆ ವಿಮಾನ ಚಾಲಕರಾಗಿಯೂ ದುಡಿದವರು.

1989ರಲ್ಲಿ ಅಮೆರಿಕದ ಭೂತಚಿತ್ರ ಸರಣಿಯೊಂದರ ಐದನೆಯ ಕಂತಿಗೆ ಡಿಕಿನ್ಸನ್ ಸ್ವತಂತ್ರವಾಗಿ ಒಂದು ಹಾಡು ಮಾಡಿಕೊಟ್ಟರು. ಅದರ ಹೆಸರು 'ಬ್ರಿಂಗ್ ಯುವರ್ ಡಾಟರ್ ಟು ದ ಸ್ಲಾಟರ್'. ನಿನ್ನ ಮಗಳನ್ನು ಕಸಾಯಿಖಾನೆಗೆ ಕರೆತಾ ಎಂದು ಅರ್ಥ. ಭೂತಚಿತ್ರಕ್ಕೆ ತಕ್ಕ ಅತಿರೇಕ ಅಷ್ಟೆ. ಆ ವರ್ಷದ ಅತಿ ಕೆಟ್ಟ ಚಿತ್ರಗೀತೆ ಎಂದು ಅಮೆರಿಕದ 'ರಾಸ್‌ಬೆರಿ' ಎಂಬ ಅಣಕು ಪ್ರಶಸ್ತಿಯೂ ಅದಕ್ಕೆ ದೊರೆಯಿತು. ಆದರೆ ಸ್ಟೀವ್ ಹ್ಯಾರಿಸ್ ಹಾಡನ್ನು ಕೇಳಿ ಮೆಚ್ಚಿದರು. ಇದು ತಂಡಕ್ಕೇ ಬೇಕು ಎಂದರು. 1990ರ ಅಕ್ಟೋಬರ್‌ನಲ್ಲಿ ಹೊರಬಂದ 'ನೋ ಪ್ರೇಯರ್ ಫಾರ್ ದ ಡೈಯಿಂಗ್' ಆಲ್ಬಮ್ಮಿನಲ್ಲಿ ಐರನ್ ಮೇಡನ್ ಅದನ್ನು ಹೊಸದಾಗಿ ನುಡಿಸಿ ಸೇರಿಸಿತು. ಅದೇ ಹಾಡು 1990ರ ಡಿಸೆಂಬರ್ 24ರಂದು 'ಸಿಂಗಲ್' ಆಗಿ, ಅಂದರೆ ಬಿಡಿ ಹಾಡಿನ ತಟ್ಟೆಯಾಗಿ, ಅಂಗಡಿಗೆ ಬಂತು.

ಬಿ.ಬಿ.ಸಿ.ಯಲ್ಲಿ ಅದಕ್ಕೆ ಸಿಕ್ಕ ಪ್ರಸಾರ ಬಹಳ ಕಡಿಮೆ. ಆದರೂ 1991ರ ಜನವರಿ 5ರ ದಿನಾಂಕದ ಪಟ್ಟಿಯಲ್ಲಿ ಅದು ಬ್ರಿಟನ್ನಿನ ಮೊದಲ ಸ್ಥಾನದಲ್ಲಿತ್ತು. ಎರಡು ವಾರ ಅಲ್ಲೇ ಉಳಿಯಿತು. ಅದು ಕೆಳಗಿಳಿಸಿದ್ದು ಕ್ಲಿಫ್ ರಿಚರ್ಡ್ ಹಾಡಿದ ಕ್ರಿಸ್‌ಮಸ್ ಗೀತೆಯನ್ನು. ಈ ಕ್ಲಿಫ್ ರಿಚರ್ಡ್ ನಮ್ಮ ಲಖನೌದಲ್ಲಿ 1940ರಲ್ಲಿ ಹುಟ್ಟಿದವರು. ಒಂದು ಕಡೆ ಸೌಮ್ಯ ಭಕ್ತಿಗೀತೆ, ಇನ್ನೊಂದು ಕಡೆ ಕಸಾಯಿಖಾನೆ. ಒಂದೇ ವಾರದಲ್ಲಿ ದೇಶದ ರುಚಿ ಹೀಗೆ ತಲೆಕೆಳಗಾಯಿತೇ? ಇಲ್ಲ. ರುಚಿ ಬದಲಾಗಿರಲಿಲ್ಲ, ಎಣಿಸಿದ ವಾರ ಬದಲಾಗಿತ್ತು. ಅದು ಹೇಗೆಂದು ನೋಡೋಣ.

ಪಟ್ಟಿ ಹುಟ್ಟಿದ ಬಗೆ

ಬ್ರಿಟನ್ನಿನಲ್ಲಿ ಹಾಡುಗಳ ಪಟ್ಟಿ ಮೊದಲು ಪ್ರಕಟವಾದುದು 1952ರ ನವೆಂಬರ್ 14ರಂದು, 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಎಂಬ ವಾರಪತ್ರಿಕೆಯಲ್ಲಿ. ಪತ್ರಿಕೆಯ ಜಾಹೀರಾತು ವಿಭಾಗ ನೋಡಿಕೊಳ್ಳುತ್ತಿದ್ದ ಪರ್ಸಿ ಡಿಕಿನ್ಸ್ ಸುಮಾರು ಇಪ್ಪತ್ತು ಅಂಗಡಿಗಳಿಗೆ ಫೋನು ಮಾಡಿ, ಈ ವಾರ ಯಾವ ತಟ್ಟೆ ಹೆಚ್ಚು ಹೋಯಿತು ಎಂದು ಕೇಳಿದರು. ಬಂದ ಉತ್ತರಗಳನ್ನು ಕೂಡಿಸಿ ಹನ್ನೆರಡು ಸ್ಥಾನಗಳ ಪಟ್ಟಿ ಮಾಡಿದರು. ಕೆಲವು ಹಾಡುಗಳು ಸಮಸಮವಾಗಿ ನಿಂತದ್ದರಿಂದ ಹನ್ನೆರಡು ಸ್ಥಾನಗಳಲ್ಲಿ ಹದಿನೈದು ಹಾಡುಗಳು ಕೂತವು. ಒಂದು ದೇಶದ ಸಂಗೀತಾಭಿರುಚಿಯ ಅಧಿಕೃತ ಚರಿತ್ರೆ ಎಂದು ಇಂದು ಪುಸ್ತಕಗಳಲ್ಲಿ ಅಚ್ಚಾಗುವ ಪಟ್ಟಿಯ ಮೂಲ ಇಷ್ಟೇ: ಒಂದು ಟೆಲಿಫೋನು, ಇಪ್ಪತ್ತು ಅಂಗಡಿ, ಜಾಹೀರಾತು ತರುವ ಆಸೆ.

1983ರಿಂದ ಈ ಎಣಿಕೆಯನ್ನು ಗ್ಯಾಲಪ್ ಸಂಸ್ಥೆ ವಹಿಸಿಕೊಂಡಿತು. ಆಯ್ದ ಅಂಗಡಿಗಳಲ್ಲಿ ಪುಟ್ಟ ಯಂತ್ರಗಳನ್ನಿಟ್ಟು, ಮಾರಾಟವಾದ ತಟ್ಟೆಗಳ ಸಂಖ್ಯೆಗಳನ್ನು ದೂರವಾಣಿ ತಂತಿಯ ಮೂಲಕ ತರಿಸಿಕೊಳ್ಳುವ ವ್ಯವಸ್ಥೆ ಬಂತು. ಅಂಗಡಿಯವನ ನೆನಪಿನ ಜಾಗಕ್ಕೆ ಯಂತ್ರ ಬಂತು. ಆದರೆ ಮೂಲ ನಿಯಮ ಬದಲಾಗಲಿಲ್ಲ. ಬ್ರಿಟನ್ನಿನ ಪಟ್ಟಿ ಎಣಿಸುತ್ತಿದ್ದುದು ಒಂದನ್ನೇ: ಆ ಒಂದು ವಾರದಲ್ಲಿ ಎಷ್ಟು ತಟ್ಟೆ ಮಾರಿತು ಎಂಬುದನ್ನು. ರೇಡಿಯೋ ಎಷ್ಟು ಸಲ ನುಡಿಸಿತು ಎಂಬುದಕ್ಕೆ ಅಲ್ಲಿ ಬೆಲೆಯಿರಲಿಲ್ಲ.

ಅಮೆರಿಕದ ಪದ್ಧತಿ ಬೇರೆ. ಅಲ್ಲಿನ 'ಬಿಲ್‌ಬೋರ್ಡ್' ಪತ್ರಿಕೆ 1958ರ ಆಗಸ್ಟ್ 4ರಂದು ಆರಂಭಿಸಿದ 'ಹಾಟ್ ಹಂಡ್ರೆಡ್' ಎಂಬ ನೂರು ಹಾಡುಗಳ ಪಟ್ಟಿ ಮಾರಾಟವನ್ನೂ ರೇಡಿಯೋ ಪ್ರಸಾರವನ್ನೂ ಸೇರಿಸಿ ಲೆಕ್ಕ ಹಾಕುತ್ತಿತ್ತು. ಅಂದರೆ ರೇಡಿಯೋ ನಿಲಯದ ಬಾಗಿಲು ಮುಚ್ಚಿದರೆ ಅಮೆರಿಕದ ಪಟ್ಟಿಯ ಬಾಗಿಲೂ ಅರ್ಧ ಮುಚ್ಚಿದಂತೆ. ಬ್ರಿಟನ್ನಿನಲ್ಲಿ ಹಾಗಲ್ಲ. ರೇಡಿಯೋ ಒಲ್ಲೆನೆಂದರೂ, ಕೊಳ್ಳುವವರು ಕೊಂಡರೆ ಸಾಕು.

ಐರನ್ ಮೇಡನ್ ತಂಡಕ್ಕೆ ಅನುಕೂಲವಾದುದು ಇದೇ. ಕ್ರಿಸ್‌ಮಸ್ಸಿಗೆ ಮುಂಚಿನ ವಾರಗಳಲ್ಲಿ ಬ್ರಿಟನ್ನಿನ ತಟ್ಟೆ ಅಂಗಡಿಗಳಲ್ಲಿ ನೂಕುನುಗ್ಗಲು. ವರ್ಷಕ್ಕೊಮ್ಮೆ ಹಾಡು ಕೊಳ್ಳುವ ಅಜ್ಜ ಅಜ್ಜಿಯರೂ ಆಗ ಕೊಳ್ಳುತ್ತಾರೆ. ಹಬ್ಬ ಮುಗಿದ ಮರುದಿನದಿಂದ ಅಂಗಡಿ ಖಾಲಿ. ಜಾತ್ರೆ ಮುಗಿದ ಮೇಲಿನ ಬೀದಿಯಂತೆ. ಅಂಥ ವಾರದಲ್ಲಿ ಮೊದಲ ಸ್ಥಾನಕ್ಕೆ ಬೇಕಾಗುವ ಮಾರಾಟ ಸಾಮಾನ್ಯ ವಾರಕ್ಕಿಂತ ಬಹಳ ಕಡಿಮೆ. ಹೆವಿ ಮೆಟಲ್ ಅಭಿಮಾನಿಯ ಸ್ವಭಾವವಾದರೋ ತದ್ವಿರುದ್ಧ. ಅವನು ರೇಡಿಯೋ ಹೇಳಿದ್ದನ್ನು ಕೇಳಿ ಕೊಳ್ಳುವವನಲ್ಲ. ತನ್ನ ತಂಡದ ತಟ್ಟೆ ಬಂದ ಮೊದಲ ದಿನವೇ ಅಂಗಡಿಗೆ ಹೋಗುವವನು. ಬೇರೆ ಬೇರೆ ಹೊದಿಕೆ, ಬೇರೆ ಬೇರೆ ಗಾತ್ರದಲ್ಲಿ ಬಂದರೆ ಎಲ್ಲವನ್ನೂ ಕೂಡಿಡುವವನು. ಆ ಕಾಲದ ಎಲ್ಲ ಕಂಪನಿಗಳಂತೆ ಈ ತಂಡದ ಕಂಪನಿಯೂ ಒಂದೇ ಹಾಡನ್ನು ಹಲವು ರೂಪಗಳಲ್ಲಿ ಬಿಟ್ಟಿತ್ತು. ಊರೆಲ್ಲ ಹಬ್ಬದ ಊಟ ಮುಗಿಸಿ ಮಲಗಿದ್ದ ವಾರದಲ್ಲಿ ಎದ್ದು ಅಂಗಡಿಗೆ ಹೋದ ಒಂದು ವರ್ಗ ಆ ವಾರದ ದೇಶವಾಯಿತು.

ಇದನ್ನು ಮೋಸ ಎನ್ನಲಾಗದು. ಎಲ್ಲ ತಟ್ಟೆಗಳೂ ನಿಜವಾಗಿಯೂ ಮಾರಾಟವಾದವು, ಹಣ ಕೊಟ್ಟೇ ಕೊಂಡರು. ಆದರೆ ಇದರಿಂದ ಒಂದು ಪಾಠವಿದೆ. ನಂಬರ್ ಒನ್ ಎಂದರೆ ಅತಿ ಹೆಚ್ಚು ಜನ ಮೆಚ್ಚಿದ ಹಾಡು ಎಂದಲ್ಲ. ಒಂದು ನಿರ್ದಿಷ್ಟ ವಾರದಲ್ಲಿ, ನಿರ್ದಿಷ್ಟ ಅಂಗಡಿಗಳಲ್ಲಿ, ಅತಿ ಹೆಚ್ಚು ಮಾರಿದ ಹಾಡು ಎಂದು ಮಾತ್ರ. ಈ ತಂಡದ ಬೇರೆ ಯಾವ ಸಿಂಗಲ್ಲೂ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಏರಿಲ್ಲ. ಆದರೆ ಅಭಿಮಾನಿಗಳನ್ನು ಕೇಳಿದರೆ ಅವರು ಮೊದಲು ಹೆಸರಿಸುವುದು ಈ ಹಾಡನ್ನಲ್ಲ. 'ಹ್ಯಾಲೋವ್ಡ್ ಬಿ ದೈ ನೇಮ್' ಎಂಬ 1982ರ ಹಾಡನ್ನೋ, 'ಫಿಯರ್ ಆಫ್ ದ ಡಾರ್ಕ್' ಎಂಬ 1992ರ ಹಾಡನ್ನೋ ಹೇಳುತ್ತಾರೆ. ಪಟ್ಟಿಯ ಶಿಖರ ಒಂದು ಕಡೆ, ನೆನಪಿನ ಶಿಖರ ಇನ್ನೊಂದು ಕಡೆ.

ಅಂಗಡಿಯವನ ನೆನಪು, ಯಂತ್ರದ ನೆನಪು

ಲೆಕ್ಕದ ಪದ್ಧತಿ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ ಎಂಬುದಕ್ಕೆ ಅದೇ 1991ರಲ್ಲಿ ಅಮೆರಿಕದಿಂದ ದೊಡ್ಡ ಸಾಕ್ಷ್ಯ ಬಂತು. ಅಲ್ಲಿಯವರೆಗೆ ಬಿಲ್‌ಬೋರ್ಡಿನ ಆಲ್ಬಂ ಪಟ್ಟಿ ತಯಾರಾಗುತ್ತಿದ್ದುದು ಅಂಗಡಿಯವರು ಕೊಡುವ ವರದಿಯಿಂದ. ಅಂಗಡಿಯವನಿಗೂ ಮನಸ್ಸಿರುತ್ತದಲ್ಲ? ತನಗೆ ಹಿಡಿಸಿದ್ದು, ಕಂಪನಿಯವರು ಒತ್ತಿ ಹೇಳಿದ್ದು, ಇನ್ನೂ ಗಲ್ಲಾದ ಹಿಂದೆ ರಾಶಿ ಬಿದ್ದಿದ್ದು, ಇವೆಲ್ಲ ಅವನ ವರದಿಯೊಳಗೆ ನುಸುಳುತ್ತಿದ್ದವು. ಉದ್ದ ಕೂದಲಿನ ಹುಡುಗರು, ಹಳ್ಳಿಗಾಡಿನ ಹಾಡು ಕೇಳುವವರು, ಕರಿಯರ ಕೇರಿಯ ರಾಪ್ ಕೇಳುವವರು ಎಷ್ಟು ಕೊಂಡರೂ ಪಟ್ಟಿಯಲ್ಲಿ ಕಡಿಮೆ ಕಾಣುತ್ತಿದ್ದರು.

1991ರ ಮೇ 25ರ ಸಂಚಿಕೆಯಿಂದ ಬಿಲ್‌ಬೋರ್ಡ್ 'ಸೌಂಡ್‌ಸ್ಕ್ಯಾನ್' ಎಂಬ ಹೊಸ ವ್ಯವಸ್ಥೆಗೆ ತಿರುಗಿತು. ತಟ್ಟೆಯ ಹೊದಿಕೆಯ ಮೇಲಿನ ಕಪ್ಪು ಬಿಳಿ ಗೆರೆಗಳನ್ನು ಗಲ್ಲಾದಲ್ಲಿ ಯಂತ್ರ ಓದಿದ ಕೂಡಲೇ ಲೆಕ್ಕ ದಾಖಲು. ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಮರುತಿಂಗಳೇ ಸ್ಕಿಡ್ ರೋ ಎಂಬ ತಂಡದ ಗಡಸು ಆಲ್ಬಂ ಬಂದ ಮೊದಲ ವಾರದಲ್ಲೇ ಮೊದಲ ಸ್ಥಾನದಲ್ಲಿ ಕೂತಿತು. ಆಗಸ್ಟ್‌ನಲ್ಲಿ ಮೆಟಾಲಿಕಾ ತಂಡದ ಕಪ್ಪು ಹೊದಿಕೆಯ ಆಲ್ಬಂ ಹಾಗೆಯೇ ಮಾಡಿತು. ಈ ಕೇಳುಗರು ರಾತ್ರೋರಾತ್ರಿ ಹುಟ್ಟಿದವರಲ್ಲ. ಅವರು ಮೊದಲೂ ಇದ್ದರು. ಎಣಿಸುವ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ.

ಮೆಟ್ಟಿಲು ಮತ್ತು ದಿನ

ಇನ್ನು ನಮ್ಮ ಕಡೆಗೆ ಬರೋಣ. ಲಂಡನ್ನಿನ ಮೊದಲ ಪಟ್ಟಿ ಅಚ್ಚಾಗಿ ಮೂರು ವಾರ ತುಂಬುವ ಮುಂಚೆಯೇ, 1952ರ ಡಿಸೆಂಬರ್ 3ರಂದು, ಸಿಲೋನ್ ರೇಡಿಯೋದಿಂದ 'ಬಿನಾಕಾ ಗೀತಮಾಲಾ' ಶುರುವಾಯಿತು. ಅಮೀನ್ ಸಯಾನಿಯವರ ಕಂಠ ಬಲ್ಲವರಿಗೆ ಅದನ್ನು ಪರಿಚಯಿಸಬೇಕಾಗಿಲ್ಲ. ಅದು ಹುಟ್ಟಿದ್ದಕ್ಕೆ ಕಾರಣವೂ ಒಂದು ನಿರಾಕರಣೆಯೇ. ಕೇಂದ್ರದ ಪ್ರಸಾರ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಅವರಿಗೆ ಚಿತ್ರಗೀತೆ ಎಂದರೆ ಅಗ್ಗದ ಸರಕು. ಆಕಾಶವಾಣಿಯಿಂದ ಚಿತ್ರಗೀತೆಗಳು ಮರೆಯಾದವು. ದೇಶದ ಕೇಳುಗರು ರೇಡಿಯೋದ ಮುಳ್ಳನ್ನು ಸಿಲೋನಿನತ್ತ ತಿರುಗಿಸಿದರು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭವಾದಾಗ ಸರ್ಕಾರ ಕೇಳುಗನಿಗೆ ಶರಣಾಯಿತು ಎನ್ನಬಹುದು. ಲಂಡನ್ನಿನ ಹುಡುಗ ಬಿ.ಬಿ.ಸಿ.ಯನ್ನು ಪಕ್ಕಕ್ಕಿಟ್ಟು ಅಂಗಡಿಗೆ ಹೋದ. ನಮ್ಮ ಹಿರಿಯರು ದೆಹಲಿಯನ್ನು ಪಕ್ಕಕ್ಕಿಟ್ಟು ಕೊಲಂಬೊ ಕೇಳಿದರು. ಎರಡರಲ್ಲೂ ಹಟ ಒಂದೇ.

ಗೀತಮಾಲಾದಲ್ಲಿ ಸ್ಥಾನಕ್ಕೆ 'ಪಾಯದಾನ್', ಅಂದರೆ ಮೆಟ್ಟಿಲು, ಎನ್ನುತ್ತಿದ್ದರು. ಅಂಗಡಿಗಳ ಮಾರಾಟ, ಶ್ರೋತೃ ಸಂಘಗಳ ಕೋರಿಕೆ ಎರಡನ್ನೂ ನೋಡಿ ಮೆಟ್ಟಿಲು ತೀರ್ಮಾನವಾಗುತ್ತಿತ್ತು. ಆದರೆ ಅದು ಹಿಂದಿ ಹಾಡುಗಳ ಏಣಿ. ಕನ್ನಡದ ಹಾಡಿಗೆ ಅಂಥ ಏಣಿ ಸಿಗಲಿಲ್ಲ.

ಹಾಗೆಂದು ಕನ್ನಡಿಗರು ಲೆಕ್ಕವನ್ನೇ ಇಡಲಿಲ್ಲ ಎಂದಲ್ಲ. ಇಟ್ಟ ಲೆಕ್ಕ ಬೇರೆ ಬಗೆಯದು. ನಾವು ಸ್ಥಾನ ಎಣಿಸಲಿಲ್ಲ, ದಿನ ಎಣಿಸಿದೆವು. ಐವತ್ತು ದಿನ, ಶತದಿನೋತ್ಸವ, ಇಪ್ಪತ್ತೈದು ವಾರದ ಬೆಳ್ಳಿಹಬ್ಬ. 1972ರ 'ಬಂಗಾರದ ಮನುಷ್ಯ' ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತೆಂಬುದು ಮನೆಮಾತು. ಇದರ ಗುಣ ಗಮನಿಸಿ. ಲಂಡನ್ನಿನ ಪಟ್ಟಿ ಒಂದು ವಾರದ ಜ್ವರವನ್ನು ಅಳೆಯುತ್ತದೆ. ನಮ್ಮ ಶತದಿನೋತ್ಸವ ಬಾಳಿಕೆಯನ್ನು ಅಳೆಯುತ್ತದೆ. ಒಂದು ಎತ್ತರದ ಲೆಕ್ಕ, ಇನ್ನೊಂದು ಉದ್ದದ ಲೆಕ್ಕ. ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದ ದಿನಗಳಲ್ಲೇ ಊರಿನ ಚಿತ್ರಮಂದಿರಗಳಲ್ಲಿ 'ಮುಂಗಾರು ಮಳೆ' ತುಂಬಿ ಓಡುತ್ತಿತ್ತು. 2006ರ ಡಿಸೆಂಬರ್ 29ರಂದು ತೆರೆಕಂಡ ಆ ಚಿತ್ರ ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ ವರ್ಷಕ್ಕೂ ಮೀರಿ ಓಡಿತು. ಜಯಂತ ಕಾಯ್ಕಿಣಿ ಬರೆದು ಮನೋಮೂರ್ತಿ ರಾಗ ಹಾಕಿದ ಅದರ ಹಾಡು ಆಟೋದಲ್ಲೂ ಮದುವೆ ಮನೆಯಲ್ಲೂ ಕೇಳುತ್ತಿತ್ತು. ಅದು ಎಷ್ಟನೆಯ ಸ್ಥಾನದಲ್ಲಿತ್ತು ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ.

ತುಂಬಿಸಿಕೊಂಡ ಕ್ಯಾಸೆಟ್ಟು

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ಬೆಂಗಳೂರಿನ ರಾಕ್ ಕೇಳುಗ ಎಲ್ಲಿ ಅಡಗಿದ್ದ?

ಅವನು ಅಡಗಿದ್ದುದು ಧ್ವನಿಸುರುಳಿಯಲ್ಲಿ. ಎಂಬತ್ತು ತೊಂಬತ್ತರ ದಶಕಗಳಲ್ಲಿ ವಿದೇಶಿ ಆಲ್ಬಂ ಕೈಗೆ ಸಿಗುವುದೇ ಕಷ್ಟ. ಸಿಕ್ಕರೆ ಬೆಲೆ ಕೈಗೆಟುಕದು. ವಿದೇಶದಿಂದ ಬಂದ ನೆಂಟರ ಪೆಟ್ಟಿಗೆಯಲ್ಲಿ ಒಂದು ಮೂಲ ಪ್ರತಿ ಬರುತ್ತಿತ್ತು. ಅದು ಹಾಸ್ಟೆಲಿನ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುತ್ತಿತ್ತು. ಎರಡು ಬಾಗಿಲಿನ ಟೇಪ್ ರೆಕಾರ್ಡರಿನಲ್ಲಿ ಒಂದು ಕಡೆ ಮೂಲ, ಇನ್ನೊಂದು ಕಡೆ ಖಾಲಿ ಕ್ಯಾಸೆಟ್ಟು. ತೊಂಬತ್ತು ನಿಮಿಷದ ಸುರುಳಿಯಲ್ಲಿ ಒಂದು ಮಗ್ಗುಲಿಗೆ ಒಂದು ಆಲ್ಬಂ, ಇನ್ನೊಂದು ಮಗ್ಗುಲಿಗೆ ಇನ್ನೊಂದು. ಅಂಗಡಿಗೆ ಚೀಟಿ ಬರೆದುಕೊಟ್ಟು ಬೇಕಾದ ಹಾಡು ತುಂಬಿಸಿಕೊಳ್ಳುವ ಪದ್ಧತಿಯೂ ಇತ್ತು. ಪ್ರತಿಯ ಪ್ರತಿ, ಅದರ ಪ್ರತಿ ಎಂದು ಇಳಿಯುತ್ತಾ ಹೋದಂತೆ ಗಿಟಾರಿನ ನಾದಕ್ಕಿಂತ ಸುರುಳಿಯ ಸೊರಸೊರ ಹೆಚ್ಚಾಗುತ್ತಿತ್ತು. ಆದರೂ ಕೇಳುತ್ತಿದ್ದರು.

ಉತ್ತರ ಬೆಂಗಳೂರಿಗೆ ಇದರಲ್ಲಿ ತನ್ನದೇ ಪಾಲಿದೆ. ಯಶವಂತಪುರದ ಮಗ್ಗುಲಿಗೆ ಭಾರತೀಯ ವಿಜ್ಞಾನ ಸಂಸ್ಥೆ, ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯ, ಜಾಲಹಳ್ಳಿಯ ಬಿ.ಇ.ಎಲ್. ಮತ್ತು ಎಚ್.ಎಂ.ಟಿ. ವಸತಿ ಬಡಾವಣೆಗಳು, ಯಲಹಂಕದ ವಾಯುನೆಲೆ. ದೇಶದ ಮೂಲೆ ಮೂಲೆಯಿಂದ ಬಂದ ಕುಟುಂಬಗಳು, ವಿದ್ಯಾರ್ಥಿಗಳು ಒಟ್ಟಿಗೆ ಬದುಕಿದ ಜಾಗಗಳು ಇವು. ದಂಡಿನ ಪ್ರದೇಶದ ಇಂಗ್ಲಿಷ್ ಸಂಗೀತದ ರೂಢಿ ಬೆಂಗಳೂರಿಗೆ ಹಳೆಯದೇ. ಆದರೆ ರಾಕ್ ಸಂಗೀತ ದಂಡು ದಾಟಿ ಇಂಥ ಬಡಾವಣೆಗಳ ಮಧ್ಯಮವರ್ಗದ ಮನೆಗೆ ಬಂದುದು ಕ್ಯಾಸೆಟ್ಟಿನ ಕಾಲದಲ್ಲಿ. 1991ರಿಂದಾಚೆಗೆ ಉಪಗ್ರಹ ದೂರದರ್ಶನ ಬಂದು ಎಂ.ಟಿ.ವಿ.ಯೂ ಸೇರಿಕೊಂಡಿತು.

ಈ ಕೇಳುಗನ ವಿಚಿತ್ರ ಸ್ಥಿತಿಯನ್ನು ಗಮನಿಸಬೇಕು. ಅವನು ತಟ್ಟೆ ಕೊಳ್ಳಲಿಲ್ಲ, ಆದ್ದರಿಂದ ಯಾವ ಮಾರಾಟದ ಲೆಕ್ಕದಲ್ಲೂ ಇಲ್ಲ. ಅವನ ರೇಡಿಯೋ ಆ ಹಾಡು ನುಡಿಸಲಿಲ್ಲ, ಆದ್ದರಿಂದ ಪ್ರಸಾರದ ಲೆಕ್ಕದಲ್ಲೂ ಇಲ್ಲ. ಕಂಪನಿಯ ಕಣ್ಣಿನಲ್ಲಿ ಅವನು ಕದ್ದು ಕೇಳುವವನು. ಸಾಹಿತಿಗಳ ಕಣ್ಣಿನಲ್ಲಿ ಪರಕೀಯ ಗದ್ದಲಕ್ಕೆ ಮಾರುಹೋದವನು. ಮನೆಯವರ ಕಣ್ಣಿನಲ್ಲಿ ಪರೀಕ್ಷೆಯ ಹೊತ್ತಿಗೆ ಕಿವಿ ಹಾಳುಮಾಡಿಕೊಳ್ಳುವವನು. 1991ರ ಆ ಜನವರಿಯಲ್ಲಿ ಲಂಡನ್ನಿನಲ್ಲಿ ಒಂದು ತಟ್ಟೆ ಕೊಂಡ ಹುಡುಗ ಇತಿಹಾಸದಲ್ಲಿ ಒಂದು ಅಂಕೆಯಾದ. ಅದೇ ಹಾಡಿನ ನಾಲ್ಕನೆಯ ಪ್ರತಿಯನ್ನು ಆರ್.ಟಿ. ನಗರದ ಕೋಣೆಯಲ್ಲಿ ನೂರು ಸಲ ಕೇಳಿದವನು ಯಾವ ಅಂಕೆಯೂ ಆಗಲಿಲ್ಲ.

ಅವನು ಅಂಕೆಯಾದುದು ಅರಮನೆ ಮೈದಾನದ ಬಾಗಿಲಲ್ಲಿ. 2002ರಲ್ಲಿ ರೋಜರ್ ವಾಟರ್ಸ್, 2003ರ ಏಪ್ರಿಲ್‌ನಲ್ಲಿ ಮಳೆ ಸುರಿಯುವಾಗಲೇ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2008ರಲ್ಲಿ ಮೆಗಾಡೆತ್, 2009ರಲ್ಲಿ ಮತ್ತೆ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಟಿಕೆಟ್ ಹರಿದು ಒಳಗೆ ಬಿಟ್ಟ ಪ್ರತಿ ಸಲವೂ ನಡೆದದ್ದು ಬಾಕಿ ಉಳಿದಿದ್ದ ಒಂದು ಜನಗಣತಿ. 2007ರ ಆ ದಿನ ಮುನ್ನ ನುಡಿಸಿದ್ದು ದೆಹಲಿಯ ಪರಿಕ್ರಮಾ ತಂಡ. ಅದೇ ವರ್ಷ ಆ ತಂಡ ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವಕ್ಕೂ ಹೋಗಿ ನುಡಿಸಿತು. 2011ರಲ್ಲಿ ಮೆಟಾಲಿಕಾಕ್ಕೆ ಮುನ್ನ ವೇದಿಕೆ ಏರಿದವರಲ್ಲಿ ಬೆಂಗಳೂರಿನದೇ ಆದ ಇನ್ನರ್ ಸ್ಯಾಂಕ್ಟಮ್ ತಂಡವಿತ್ತು. 2012ರಲ್ಲಿ ಸ್ಲೇಯರ್ ತಂಡ ನುಡಿಸಿದ್ದು ಇನ್ನೂ ಉತ್ತರಕ್ಕೆ, ಹೆಬ್ಬಾಳದಾಚೆಯ ಥಣಿಸಂದ್ರ ರಸ್ತೆಯಲ್ಲಿ.

ಶರೀಫರು ಏರಿದ ಏಣಿ

ಕೇಳುಗ ಹೀಗೆ ಲೆಕ್ಕಕ್ಕೆ ಬಂದ. ಇಲ್ಲಿನ ಕಲಾವಿದನ ಕಥೆಯೇನು?

ಬೆಂಗಳೂರಿನಲ್ಲಿ 1988ರಲ್ಲಿ ಮಿಲೆನಿಯಂ ಎಂಬ ಹೆವಿ ಮೆಟಲ್ ತಂಡ ಹುಟ್ಟಿತು, 1998ರಲ್ಲಿ ಕ್ರಿಪ್ಟೋಸ್ ಹುಟ್ಟಿತು. ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ವಾಕೆನ್ ಎಂಬ ಹಳ್ಳಿಯಲ್ಲಿ ನಡೆಯುವ ಪ್ರಸಿದ್ಧ ಹೆವಿ ಮೆಟಲ್ ಉತ್ಸವದಲ್ಲಿ ನುಡಿಸಿತು. ಇವರು ಬಹುಪಾಲು ಇಂಗ್ಲಿಷಿನಲ್ಲೇ ಹಾಡಿದರು. ಊರು ಕನ್ನಡದ್ದು, ವಾದಕರು ಇಲ್ಲಿಯವರು, ಮಾತು ಮಾತ್ರ ಹೊರಗಿನದು ಎಂಬ ಆಕ್ಷೇಪ ಇವರನ್ನು ಬಿಟ್ಟಿದ್ದಿಲ್ಲ.

ಗಿಟಾರು ಹಿಡಿದು ಕನ್ನಡದಲ್ಲೇ ಹಾಡಿ ಬ್ರಿಟನ್ನಿನ ಪಟ್ಟಿಯೊಂದರ ತುದಿ ಮುಟ್ಟಿದ ಉದಾಹರಣೆಗೆ ಗಡಸು ರಾಕ್‌ನಿಂದ ಒಂದು ಹೆಜ್ಜೆ ಪಕ್ಕಕ್ಕೆ, ಜಾನಪದ ರಾಕ್‌ನತ್ತ ಸರಿಯಬೇಕು. ರಘು ದೀಕ್ಷಿತ್ ಮೈಸೂರಿನಲ್ಲಿ ಬೆಳೆದವರು, ಭರತನಾಟ್ಯ ಕಲಿತವರು. ಅವರ ಮೊದಲ ಆಲ್ಬಂ ಹೊರಬಂದುದು 2008ರಲ್ಲಿ. ಅದರಲ್ಲಿ ಹಿಂದಿ ಹಾಡುಗಳ ಜೊತೆಗೆ ಸಂತ ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೋ' ಕೂಡ ಇತ್ತು. 2010ರ ಕೊನೆಯಲ್ಲಿ ಬಿ.ಬಿ.ಸಿ. ದೂರದರ್ಶನದಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಸಂಗೀತ ಕಾರ್ಯಕ್ರಮದಲ್ಲಿ ಅವರು ಹಾಡಿದರು. ಅದರ ಬೆನ್ನಿಗೇ ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್ ಅಂಗಡಿಯ ವಿಶ್ವಸಂಗೀತ ವಿಭಾಗದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಬಿ.ಬಿ.ಸಿ. ಹೆಚ್ಚು ನುಡಿಸದೆಯೂ ಏರಿದ ಹಾಡೊಂದು 1991ರಲ್ಲಿ, ಬಿ.ಬಿ.ಸಿ. ತೋರಿಸಿದ್ದರಿಂದಲೇ ಏರಿದ ಆಲ್ಬಂ ಇದು. ಮಾಧ್ಯಮದ ಕೈಯ ಬಲವನ್ನು ಎರಡೂ ಎರಡು ಬಗೆಯಲ್ಲಿ ಹೇಳುತ್ತವೆ.

ಶರೀಫರು ಬಾಳಿದ್ದು 1819ರಿಂದ 1889ರವರೆಗೆ, ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ. ಅವರ ತತ್ವಪದಗಳು ಭಜನೆಯ ಮನೆಯಲ್ಲಿ, ಏಕತಾರಿಯ ಜೊತೆಯಲ್ಲಿ, ನೂರು ವರ್ಷಕ್ಕೂ ಮೀರಿ ಬಾಯಿಂದ ಬಾಯಿಗೆ ನಡೆದುಬಂದವು. 1990ರಲ್ಲಿ ಟಿ.ಎಸ್. ನಾಗಾಭರಣ ಅವರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೆ ಸಿ. ಅಶ್ವತ್ಥ್ ರಾಗ ಕೂಡಿಸಿದಾಗ ಅವು ಧ್ವನಿಸುರುಳಿಗಳಾಗಿ ಮನೆಮನೆ ಸೇರಿದವು. ಲಂಡನ್ನಿನಲ್ಲಿ ಕಸಾಯಿಖಾನೆಯ ಹಾಡು ಅಂಗಡಿಗೆ ಬಂದುದೂ ಅದೇ ವರ್ಷ ಎಂಬುದು ಕೇವಲ ಕಾಕತಾಳೀಯ. ಆದರೆ ಹೋಲಿಸಿ ನೋಡಲು ಒಳ್ಳೆಯ ಜೋಡಿ. ಒಂದು ಎರಡು ವಾರ ಶಿಖರದಲ್ಲಿತ್ತು. ಇನ್ನೊಂದನ್ನು ಯಾರೂ ಶಿಖರಕ್ಕೇರಿಸಲಿಲ್ಲ, ಆದರೆ ಅದು ನಡೆಯುವುದನ್ನು ನಿಲ್ಲಿಸಲೂ ಇಲ್ಲ.

ಮೂರು ಪ್ರಶ್ನೆ

ಇಂದಿನ ಕಾಲ ಬೇರೆ. ಬ್ರಿಟನ್ನಿನ ಸಿಂಗಲ್ಸ್ ಪಟ್ಟಿ 2014ರ ಜುಲೈಯಿಂದ ಅಂತರ್ಜಾಲದಲ್ಲಿ ಕೇಳಿದ್ದನ್ನೂ ಎಣಿಸುತ್ತಿದೆ. ಭಾರತದಲ್ಲಿ ಕೇಳುವ ಅಂತರರಾಷ್ಟ್ರೀಯ ಹಾಡುಗಳಿಗೆ 2021ರಲ್ಲಿ ಇಲ್ಲಿನ ಧ್ವನಿಮುದ್ರಣ ಉದ್ಯಮವೇ ಒಂದು ಪಟ್ಟಿ ಆರಂಭಿಸಿತು. 2022ರಲ್ಲಿ ಬಿಲ್‌ಬೋರ್ಡ್ ಕೂಡ ಭಾರತದ ಹಾಡುಗಳಿಗೆಂದು ಪ್ರತ್ಯೇಕ ಪಟ್ಟಿ ತೆರೆಯಿತು. ಯಲಹಂಕದ ಬಸ್ಸಿನಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೂತ ಹುಡುಗಿ ಈಗ ಒಂದು ಹಾಡು ಕೇಳಿ ಮುಗಿಸುವಷ್ಟರಲ್ಲಿ ಎಲ್ಲೋ ಒಂದು ಕಡೆ ಅಂಕೆಯಾಗಿರುತ್ತಾಳೆ. ಕಾಸು ಕೊಟ್ಟು ಕೊಳ್ಳಬೇಕೆಂದಿಲ್ಲ, ಕೇಳಿದರೆ ಸಾಕು. ಲೆಕ್ಕದಿಂದ ತಪ್ಪಿಸಿಕೊಳ್ಳುವುದೇ ಈಗ ಕಷ್ಟ.

ಆದರೂ ಹಳೆಯ ಎಚ್ಚರ ಹಾಗೆಯೇ ಉಳಿಯುತ್ತದೆ. ಕೋಟಿಗಟ್ಟಲೆ ಜನರಿರುವ ಭಾಷೆಗಳ ಹಾಡುಗಳ ಜೊತೆ ಒಂದೇ ತಕ್ಕಡಿಯಲ್ಲಿ ತೂಗಿದರೆ ಕನ್ನಡದ ಹಾಡು ಹಗುರ ಕಾಣುತ್ತದೆ. ತುಳು, ಕೊಡವ ಹಾಡುಗಳು ಕಾಣುವುದೇ ಇಲ್ಲ. ಪಟ್ಟಿಯಲ್ಲಿ ಕಾಣದ್ದು ಇಲ್ಲವೇ ಇಲ್ಲ ಎಂದು ನಂಬುವ ಹುಡುಗ ತನ್ನ ಭಾಷೆಯಲ್ಲಿ ಹಾಡು ಕಟ್ಟುವುದನ್ನೇ ಬಿಟ್ಟಾನು. ಅಪಾಯವಿರುವುದು ಪಟ್ಟಿಯಲ್ಲಲ್ಲ, ಪಟ್ಟಿಯನ್ನು ಪೂರ್ಣಸತ್ಯವೆಂದು ಓದುವುದರಲ್ಲಿ.

ಯಾವುದೇ ಹಾಡು ಮೊದಲ ಸ್ಥಾನದಲ್ಲಿದೆ ಎಂದು ಯಾರಾದರೂ ಹೇಳಿದಾಗ ಮೂರು ಪ್ರಶ್ನೆ ಕೇಳುವುದು ಒಳ್ಳೆಯದು. ಏನನ್ನು ಎಣಿಸಿದರು? ಎಲ್ಲಿ ಎಣಿಸಿದರು? ಯಾವ ವಾರ ಎಣಿಸಿದರು? 1991ರ ಜನವರಿಯ ಆ ಹಾಡಿಗೆ ಈ ಮೂರಕ್ಕೂ ಉತ್ತರವಿದೆ: ಮಾರಾಟವನ್ನು, ಬ್ರಿಟನ್ನಿನ ಅಂಗಡಿಗಳಲ್ಲಿ, ಕ್ರಿಸ್‌ಮಸ್ ಮುಗಿದ ವಾರ. ಅಷ್ಟು ತಿಳಿದ ಮೇಲೆ ಅದರ ಜಯ ಚಿಕ್ಕದಾಗುವುದಿಲ್ಲ, ಅದರ ಅಳತೆ ಸ್ಪಷ್ಟವಾಗುತ್ತದೆ. ಇನ್ನು ಆ ಅಳತೆಯ ಹೊರಗೆ, ಸೊರಸೊರ ಎನ್ನುವ ಕ್ಯಾಸೆಟ್ಟಿನಲ್ಲಿ ಹಾಡು ಕಲಿತು, ಹದಿನಾರು ವರ್ಷ ಕಾದು, ಮೇಖ್ರಿ ವೃತ್ತದಲ್ಲಿ ಬಸ್ಸಿಳಿದು ನಡೆದು ಬಂದವರಿದ್ದಾರಲ್ಲ, ಅವರನ್ನು ಯಾವ ಪಟ್ಟಿಯೂ ಕರೆದಿರಲಿಲ್ಲ. ಅವರು ಬಂದರು.